ರೋಮಿನ ಪಿಡುಗು, ಮಂಗಳೂರಿನ ಗೋಡೆ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ಜೊತೆಜೊತೆಗೇ ದಕ್ಷಿಣಕ್ಕೆ ಇಳಿಯಿತು. 1898ರಲ್ಲಿ ಹುಬ್ಬಳ್ಳಿಯನ್ನು ಹಿಡಿದು ಅಲುಗಾಡಿಸಿತು, ಗದಗವನ್ನೂ ಬಿಡಲಿಲ್ಲ. ಗದಗದಿಂದ ಹೊಳೆಆಲೂರು, ಬಾದಾಮಿ ಹಾದು ಉತ್ತರಕ್ಕೆ ಹೋಗುವ ಹಳಿ ಅಷ್ಟು ಹೊತ್ತಿಗೆ ಬಿದ್ದಾಗಿತ್ತು. ಆಗ ಅಖಂಡ ಧಾರವಾಡ ಜಿಲ್ಲೆಯಲ್ಲಿದ್ದ ರೋಣ ತಾಲ್ಲೂಕಿನ ಎರೆಸೀಮೆಗೆ, ಅಸೂಟಿಯಂಥ ಊರುಗಳಿಗೆ, ರೋಗದ ಸುದ್ದಿ ತಲುಪಲು ರೈಲಿನಷ್ಟೂ ಹೊತ್ತು ಬೇಕಿರಲಿಲ್ಲ. ಊರಿಗೆ ಊರೇ ಬಾಗಿಲಿಗೆ ಮುಳ್ಳು ಬಡಿದು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳು ಉತ್ತರ ಕರ್ನಾಟಕದ ಹಳೆಯ ಮನೆತನಗಳಲ್ಲಿ ಇನ್ನೂ ಉಳಿದಿವೆ. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡು ನೋಡಿದ್ದ ಲಸಿಕೆಯನ್ನು ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಸಾವಿರಾರು ಜನರಿಗೆ ಹಾಕಲಾಯಿತು. ಸುಮಾರು ಐವತ್ತು ಸಾವಿರ ಜನರಿದ್ದ ಹುಬ್ಬಳ್ಳಿಯಲ್ಲಿ ಬಹುಪಾಲು ಮಂದಿ ತೋಳು ಒಡ್ಡಿದರು.

ಅದರ ಮರುವರ್ಷ ಮಂಗಳೂರಿನ ಲೈಟ್‌ಹೌಸ್ ಗುಡ್ಡದ ಮೇಲೆ ಇಟಲಿಯ ಒಬ್ಬ ಕ್ರೈಸ್ತ ಸಹೋದರ ಅಟ್ಟಣಿಗೆ ಹತ್ತಿದ. ಹೆಸರು ಆಂಟೋನಿಯೊ ಮೊಸ್ಕೇನಿ. ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಗೋಡೆ, ಚಾವಣಿಗಳ ಮೇಲೆ ಅವನು ಬರೆಯಬೇಕಾಗಿದ್ದ ಕಥೆಯ ನಾಯಕ ಸತ್ತಿದ್ದು ಪ್ಲೇಗಿನ ರೋಗಿಗಳ ಸೇವೆ ಮಾಡುತ್ತ. ಕಥೆ ನಡೆದದ್ದು 1591ರ ರೋಮಿನಲ್ಲಿ. ಚಿತ್ರ ಬಿಡಿಸಿದ್ದು 1899ರಿಂದ 1901ರವರೆಗೆ, ಅಂದರೆ ಮುಂಬಯಿ ಕರ್ನಾಟಕದ ಊರುಗಳು ಬರಿದಾಗುತ್ತಿದ್ದ ಕಾಲದಲ್ಲಿ.

ಇವತ್ತು ಆ ಚಾಪೆಲ್‌ಗೆ ಹೋಗುವವರಲ್ಲಿ ಹೆಚ್ಚಿನವರು ಕತ್ತು ಮೇಲೆತ್ತಿ, ಬಣ್ಣ ನೋಡಿ, 'ಅಬ್ಬಾ' ಅಂದು ಹೊರಬೀಳುತ್ತಾರೆ. ನಮ್ಮ ಕಡೆಯಿಂದ ಧರ್ಮಸ್ಥಳ, ಉಡುಪಿಗೆ ಹೊರಟ ಶಾಲಾ ಪ್ರವಾಸದ ಬಸ್ಸು ಮಂಗಳೂರು ಮುಟ್ಟಿದರೆ ಮಕ್ಕಳಿಗೂ ಅಷ್ಟೇ ದಕ್ಕುವುದು. ತಪ್ಪು ಅವರದಲ್ಲ. 'ಕರ್ನಾಟಕದ ಸಿಸ್ಟೀನ್ ಚಾಪೆಲ್' ಎಂಬ ಬಿರುದು ಹೊತ್ತ ಜಾಗವನ್ನು ಯಾರೂ ಓದಲು ಹೋಗುವುದಿಲ್ಲ, ಬೆರಗಾಗಲು ಹೋಗುತ್ತಾರೆ. ಆದರೆ ಈ ಚಿತ್ರಗಳನ್ನು ಬರೆದದ್ದು ಓದಲಿಕ್ಕೆ. ಅವುಗಳ ವ್ಯಾಕರಣ ಇಟಲಿಯ ನವೋದಯ ಕಾಲದ್ದು, ಹದಿನೈದು-ಹದಿನಾರನೇ ಶತಮಾನದ್ದು.

ಆ ಬಿರುದಿನ ಬಗ್ಗೆ ನನ್ನದೊಂದು ತಕರಾರಿದೆ. ಮೈಕೆಲ್ಯಾಂಜಲೊ 1508ರಿಂದ 1512ರವರೆಗೆ ಸಿಸ್ಟೀನ್ ಚಾವಣಿಯಲ್ಲಿ ಮನುಷ್ಯನ ಮೈಯನ್ನೇ ಭೂಕಂಪದಂತೆ ಬಳಸಿದ. ಮೊಸ್ಕೇನಿ ಆ ಜಾತಿಯ ಕಲಾವಿದನಲ್ಲ. ಬೆರ್ಗಾಮೊ ಹತ್ತಿರದ ಸ್ಟೆಟ್ಸಾನೊದಲ್ಲಿ 1854ರಲ್ಲಿ ಹುಟ್ಟಿ, ಬೆರ್ಗಾಮೊದ ಕರಾರಾ ಅಕಾಡೆಮಿಯಲ್ಲಿ ಕಲಿತು, 1889ರಲ್ಲಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂನ್ಯಾಸಿಗಳ ಸಂಘ ಸೇರಿದವನು. ಅವನ ಮುಖಗಳು ಮೃದು, ಕೆಲವೊಮ್ಮೆ ಅತಿ ಮೃದು. ಹೋಲಿಸಲೇಬೇಕಿದ್ದರೆ ಅವನ ಸಮಕಾಲೀನ ರಾಜಾ ರವಿವರ್ಮನ ಪಕ್ಕ ನಿಲ್ಲಿಸುವುದು ನ್ಯಾಯ. ರವಿವರ್ಮ ಹುಟ್ಟಿದ್ದು 1848ರಲ್ಲಿ, ತೀರಿಕೊಂಡದ್ದು 1906ರಲ್ಲಿ. ಮೊಸ್ಕೇನಿ ತೀರಿಕೊಂಡದ್ದು 1905ರಲ್ಲಿ. ಇಬ್ಬರೂ ಯುರೋಪಿನ ಅಕಾಡೆಮಿ ಶೈಲಿಯ ಎಣ್ಣೆಬಣ್ಣದಲ್ಲಿ ಭಾರತದ ನೆಲದಲ್ಲಿ ದೇವರ ಕಥೆ ಹೇಳಿದರು. ರವಿವರ್ಮನ ಲಕ್ಷ್ಮಿ, ಸರಸ್ವತಿಯರು ಅಚ್ಚಾಗಿ ನಮ್ಮ ಮನೆಗಳ ಜಗಲಿಗೆ ಬಂದರು, ಮೊಸ್ಕೇನಿಯ ಸಂತರು ಗೋಡೆ ಬಿಟ್ಟು ಬರಲಿಲ್ಲ. ವ್ಯತ್ಯಾಸ ಅಷ್ಟೇ.

ಇನ್ನು ಕಥಾನಾಯಕ. ಅಲೋಶಿಯಸ್ ಗೊನ್ಸಾಗ, ಇಟಲಿಯವರ ಬಾಯಲ್ಲಿ ಲುಯಿಜಿ. 1568ರ ಮಾರ್ಚ್ 9ರಂದು ಕಸ್ತಿಲಿಯೋನೆಯ ಕೋಟೆಯಲ್ಲಿ ಹುಟ್ಟಿದ ಹಿರಿಯ ಮಗ, ಅಪ್ಪನ ನಂತರ ಆ ಸಂಸ್ಥಾನದ ಒಡೆಯನಾಗಬೇಕಾದವನು. ಗೊನ್ಸಾಗರು ಸಣ್ಣ ಪಾಳೆಯಗಾರರಲ್ಲ. ಈ ವಂಶದ ಹಿರಿಯ ಕವಲು ಮಾಂಟುವಾ ನಗರವನ್ನು ಆಳುತ್ತಿತ್ತು, ಚಿತ್ರಕಲೆಯ ಚರಿತ್ರೆಯಲ್ಲಿ ಅದರ ಹೆಸರು ಅಳಿಯುವಂಥದ್ದಲ್ಲ. ಅದಕ್ಕೆ ಕಾರಣವಾದ ಒಂದು ಕೋಣೆಯ ಒಳಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಮಂಗಳೂರಿನ ಚಾವಣಿಯ ಬೇರು ಅಲ್ಲಿಗೂ ಹೋಗುತ್ತದೆ.

ಆಂಡ್ರಿಯಾ ಮಂಟೇನ್ಯ ಮಾಂಟುವಾದ ಅರಮನೆಯ ಒಂದು ಚೌಕಾಕಾರದ ಕೋಣೆಯನ್ನು 1465ರಿಂದ 1474ರವರೆಗೆ ಬಣ್ಣದಿಂದ ತುಂಬಿದ. ಗೋಡೆಯ ಮೇಲೆ ದೊರೆ ಲುಡೊವಿಕೊ ಗೊನ್ಸಾಗ ಕೂತಿದ್ದಾನೆ, ಕೈಯಲ್ಲೊಂದು ಓಲೆ, ಅದರ ವಿಷಯ ಮಾತಾಡಲು ಹಿಂದಕ್ಕೆ ತಿರುಗಿದ್ದಾನೆ. ಕುರ್ಚಿಯ ಕೆಳಗೆ ಅವನ ಮುದ್ದಿನ ನಾಯಿ. ಕತ್ತೆತ್ತಿದರೆ ಚಾವಣಿಯ ನಡುವೆ ದುಂಡನೆಯ ಕಿಂಡಿ, ಆಚೆ ನೀಲಿ ಆಕಾಶ. ಕಿಂಡಿಯ ಕಟ್ಟೆಗೆ ಒರಗಿ ಹೆಂಗಸರು ಕೆಳಗೆ ಇಣುಕಿ ನಗುತ್ತಿದ್ದಾರೆ, ಒಂದು ನವಿಲು ಕೂತಿದೆ, ರೆಕ್ಕೆಯ ಪುಟ್ಟ ಮಕ್ಕಳು ಕಟ್ಟೆಯ ಒಳಅಂಚಿನಲ್ಲಿ ಅಪಾಯಕ್ಕೆ ಸಿಕ್ಕಂತೆ ನಿಂತಿವೆ. ಗಿಡ ನೆಟ್ಟ ದೊಡ್ಡ ಮರದ ತೊಟ್ಟಿಯೊಂದು ಒಂದೇ ಕೋಲಿನ ಆಧಾರದಲ್ಲಿ ಕಿಂಡಿಯ ಅಂಚಿನಲ್ಲಿದೆ. ಯಾರಾದರೂ ಕೋಲು ಸರಿಸಿದರೆ ನೇರ ನೋಡುಗನ ತಲೆಗೆ. ಅಲ್ಲಿ ಕಿಂಡಿಯೂ ಇಲ್ಲ, ಆಕಾಶವೂ ಇಲ್ಲ. ಗಾರೆ ಮತ್ತು ಬಣ್ಣ ಮಾತ್ರ. ಚಾವಣಿಯನ್ನು ಹೀಗೆ ಬಗೆದು ತೆರೆಯುವ ಜಾಣ್ಮೆಗೆ ಪಶ್ಚಿಮದ ಕಲೆಯಲ್ಲಿ ಇದೇ ಮೊದಲ ದೊಡ್ಡ ಮಾದರಿ.

ಇಂಥ ಮನೆತನದ ಹುಡುಗ ಫ್ಲಾರೆನ್ಸಿನ ಮೆಡಿಚಿಗಳ ಅರಮನೆಯಲ್ಲಿ ಬೆಳೆದ. ಮ್ಯಾಡ್ರಿಡ್‌ನಲ್ಲಿ ಸ್ಪೇನಿನ ರಾಜ ಎರಡನೇ ಫಿಲಿಪ್‌ನ ಮಗನಿಗೆ ಸಂಗಾತಿ ಸೇವಕನಾದ. ಆಮೇಲೆ 'ನನಗೆ ಪಟ್ಟ ಬೇಡ' ಎಂದ. ಅಪ್ಪ ಫೆರಾಂಟೆ ಜೂಜಿನ ಚಟದ ಸಿಪಾಯಿ ಮನುಷ್ಯ. ಕೂಗಾಡಿದ, ಬೆದರಿಸಿದ, ಮನಸ್ಸು ಬದಲಾದೀತೆಂದು ಮಗನನ್ನು ಊರೂರು ಸುತ್ತಿಸಿದ. ಹುಡುಗ ಜಗ್ಗಲಿಲ್ಲ. 1585ರ ನವೆಂಬರಿನಲ್ಲಿ ಹಕ್ಕನ್ನೆಲ್ಲ ತಮ್ಮ ರೊಡಾಲ್ಫೊನ ಹೆಸರಿಗೆ ಬರೆದುಕೊಟ್ಟು ರೋಮಿಗೆ ಹೋಗಿ ಜೆಸ್ವಿಟ್ ಸಂಘ ಸೇರಿದ. ಆಗ ಅವನಿಗೆ ಹದಿನೇಳು.

ಈ ಕಥೆಯನ್ನು ಚಿತ್ರದಲ್ಲಿ ಹೇಳುವುದು ಹೇಗೆ? ಬೇಡವೆಂದದ್ದನ್ನು ಬಿಡಿಸುವುದು ಕಷ್ಟ, ಕೈಯಲ್ಲಿ ಇರುವುದನ್ನು ಬಿಡಿಸಬಹುದು, ಬಿಟ್ಟದ್ದನ್ನು ಹೇಗೆ? ಇಟಲಿಯ ಚಿತ್ರಕಾರರು ಕಂಡುಕೊಂಡ ಉಪಾಯ ಸರಳ: ಕಿರೀಟವನ್ನು ತಲೆಯಿಂದ ತೆಗೆದು ನೆಲಕ್ಕೆ ಹಾಕುವುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಗ್ವೆರ್ಚೀನೊ 1650ರ ಸುಮಾರಿಗೆ ಬರೆದ ಅಲೋಶಿಯಸ್ ಇದ್ದಾನೆ. ಎದುರಿಗೆ ಶಿಲುಬೆ, ಪಕ್ಕದಲ್ಲಿ ಉಪೇಕ್ಷೆಗೆ ಸಿಕ್ಕ ಕಿರೀಟ, ಹತ್ತಿರ ಬಿಳಿಯ ಲಿಲಿ ಹೂ, ಹುಡುಗನ ತಲೆಯ ಮೇಲೆ ದೇವದೂತ ಹಿಡಿದ ಮಾಲೆ. ತಲೆಯ ಮೇಲಿರಬೇಕಾದ್ದು ಕೆಳಗೆ ಬಿದ್ದಿದೆ, ಅದರ ಜಾಗಕ್ಕೆ ಇನ್ನೊಂದು ಇಳಿದು ಬರುತ್ತಿದೆ. ಒಂದು ಅಕ್ಷರ ಬೇಕಿಲ್ಲ.

ಲಿಲಿ ಶುದ್ಧತೆಯ ಗುರುತು. ಗೇಬ್ರಿಯಲ್ ದೂತ ಮೇರಿಗೆ ಸುದ್ದಿ ಹೇಳಲು ಬರುವ ಚಿತ್ರಗಳಲ್ಲಿ, ಲಿಯೊನಾರ್ಡೊ ಹರೆಯದಲ್ಲಿ ಬರೆದದ್ದೂ ಸೇರಿ, ದೂತನ ಕೈಯಲ್ಲಿ ಲಿಲಿ ಇರುತ್ತದೆ. ಅಲೋಶಿಯಸ್ ಚಿಕ್ಕವನಿದ್ದಾಗಲೇ ಫ್ಲಾರೆನ್ಸಿನಲ್ಲಿ ಮೇರಿಯ ಎದುರು ಬ್ರಹ್ಮಚರ್ಯದ ಹರಕೆ ಹೊತ್ತದ್ದರಿಂದ ಆ ಹೂ ಅವನಿಗೂ ಸಂದಿತು. ಕೆಲವು ಚಿತ್ರಗಳಲ್ಲಿ ತಲೆಬುರುಡೆಯೂ ಇರುತ್ತದೆ, ಸಾವಿನ ನೆನಪಿಗೆ. ನಮ್ಮವರಿಗೆ ಇದು ಹೊಸ ವಿದ್ಯೆಯಲ್ಲ. ಇಲಿ ಕಂಡರೆ ಗಣಪ, ಕಾಲ ಬಳಿ ಕೋಣದ ತಲೆ ಕಂಡರೆ ಮಹಿಷಮರ್ದಿನಿ, ಪಕ್ಕದಲ್ಲಿ ಆಡಿನ ತಲೆಯ ದಕ್ಷ ಕೈಮುಗಿದು ನಿಂತಿದ್ದರೆ ವೀರಭದ್ರ. ಓದು ಬರದ ಅಜ್ಜಿಯೂ ಗುಡಿಯ ಕಂಬ ಓದುತ್ತಾಳೆ. ಸುಮಾರು ಕ್ರಿ.ಶ. 600ರಲ್ಲಿ ಪೋಪ್ ಗ್ರೆಗೊರಿ ಇದೇ ಮಾತನ್ನು ಚಿತ್ರಗಳನ್ನು ಒಡೆಸಿದ ಒಬ್ಬ ಬಿಷಪ್‌ಗೆ ಬರೆದು ತಿಳಿಸಿದ್ದ: ಓದುಬಲ್ಲವರಿಗೆ ಗ್ರಂಥ ಏನೋ, ಓದು ಬಾರದವರಿಗೆ ಚಿತ್ರ ಅದೇ ಎಂಬ ಅರ್ಥದಲ್ಲಿ.

ಕಥೆ ಹೇಳುವ ಇನ್ನೊಂದು ತಂತ್ರವೂ ಇದೆ, ಅದು ನಮ್ಮ ಹಿತ್ತಲಲ್ಲೇ ಸಿಗುತ್ತದೆ. ಬಾದಾಮಿಯ ಎರಡನೇ ಗುಹೆಯ ತ್ರಿವಿಕ್ರಮನ ಎದುರು ನಿಂತು ನೋಡಿ. ಕೆಳಗೆ ಕೊಡೆ ಹಿಡಿದ ಗಿಡ್ಡ ವಾಮನ, ಎದುರಿಗೆ ದಾನ ಕೊಡಲು ನಿಂತ ಬಲಿ, ಅವನ ಪರಿವಾರ. ಅದೇ ಕಲ್ಲಿನಲ್ಲಿ, ಅದೇ ಹಲಗೆಯಲ್ಲಿ, ಆ ಗಿಡ್ಡನೇ ಬೆಳೆದು ಕಾಲನ್ನು ಆಕಾಶಕ್ಕೆ ಎತ್ತಿದ್ದಾನೆ. ಒಬ್ಬನೇ ಎರಡು ಸಲ, ಹಿಂದಿನ ಗಳಿಗೆ ಮುಂದಿನ ಗಳಿಗೆ ಪಕ್ಕಪಕ್ಕ. ಫ್ಲಾರೆನ್ಸಿನಲ್ಲಿ ಮಸಾಚೊ 1427ರ ಸುಮಾರಿಗೆ ಬರೆದ ತೆರಿಗೆ ಹಣದ ಚಿತ್ರದಲ್ಲಿ ಪೀಟರ್ ಹೀಗೆಯೇ ಮೂರು ಸಲ ಬರುತ್ತಾನೆ: ನಡುವೆ ಏಸುವಿನ ಮಾತು ಕೇಳುತ್ತ, ಎಡಕ್ಕೆ ಮೀನಿನ ಬಾಯಿಂದ ನಾಣ್ಯ ತೆಗೆಯುತ್ತ, ಬಲಕ್ಕೆ ತೆರಿಗೆಯವನ ಕೈಗೆ ಕೊಡುತ್ತ. ನವೋದಯ ಮುಂದುವರಿದಂತೆ ಯುರೋಪು ಈ ರೂಢಿಯನ್ನು ಕೈಬಿಟ್ಟಿತು. ಒಂದು ಚೌಕಟ್ಟಿಗೆ ಒಂದೇ ಗಳಿಗೆ ಎಂಬ ನಿಯಮ ಗಟ್ಟಿಯಾಯಿತು. ಮೊಸ್ಕೇನಿ ಈ ಹೊಸ ನಿಯಮದವನು. ಹಾಗಾಗಿ ಚಾಪೆಲ್‌ನ ಚಾವಣಿಯ ನಡುಸಾಲಿನಲ್ಲಿ ಅಲೋಶಿಯಸ್‌ನ ಬದುಕು ಬಿಡಿಬಿಡಿ ಚೌಕಟ್ಟುಗಳಲ್ಲಿ ಸಾಗುತ್ತದೆ: ಅರಮನೆಯ ವೈಭವ, ತ್ಯಾಗ, ಸಂಘ ಪ್ರವೇಶ, ರೋಗಿಗಳ ಸೇವೆ. ಚೌಕಟ್ಟಿನಿಂದ ಚೌಕಟ್ಟಿಗೆ ಉಡುಪನ್ನು ಗಮನಿಸುತ್ತ ನಡೆಯಿರಿ. ರಾಜಕುವರನ ಬಟ್ಟೆ ಕಳಚಿ ಸಂನ್ಯಾಸಿಯ ಬಟ್ಟೆ ಬರುವಲ್ಲಿ ಕಥೆ ಹೊರಳುತ್ತದೆ.

ಚಾವಣಿಯ ಇಳಿಜಾರುಗಳಲ್ಲಿ ಏಸುವಿನ ಶಿಷ್ಯರು, ಸಂತರು, ಹೂಮಾಲೆ ಹಿಡಿದ ದೇವದೂತರು. ಪಕ್ಕದ ಗೋಡೆಗಳಲ್ಲಿ ಏಸುವಿನ ಬದುಕು. ಹಿಂದಿನ ಗೋಡೆಯಲ್ಲಿ ಮಕ್ಕಳ ಗೆಳೆಯನಾದ ಏಸು. ಕಾಲೇಜಿನ ಚಾಪೆಲ್ ಆದ್ದರಿಂದ ಆಯ್ಕೆ ಅರ್ಥವಾಗುವಂಥದ್ದೇ; ಅಲೋಶಿಯಸ್ ಕೂಡ ವಿದ್ಯಾರ್ಥಿಗಳ ಪಾಲಕ ಸಂತ.

ಇಷ್ಟೆಲ್ಲದರ ನಡುವೆ ನನ್ನ ಕಣ್ಣು ಮತ್ತೆ ಮತ್ತೆ ಹೋಗುವುದು ಪ್ಲೇಗಿನ ಕಡೆಗೆ. ಯುರೋಪಿನ ಧಾರ್ಮಿಕ ಚಿತ್ರಕಲೆಯ ದೊಡ್ಡ ಭಾಗಕ್ಕೆ ಹಣ ಹಾಕಿದ್ದೇ ಈ ಭಯ. ಪ್ಲೇಗು ಬಂದಾಗ ಹರಕೆ, ಹೋದಾಗ ಚಿತ್ರ. ಮೈತುಂಬ ಬಾಣ ನೆಟ್ಟ ಸೇಂಟ್ ಸೆಬಾಸ್ಟಿಯನ್ ಪ್ಲೇಗಿನ ಕಾವಲುಗಾರನಾದ, ಏಕೆಂದರೆ ಪಿಡುಗು ಮೇಲಿಂದ ಬೀಳುವ ಬಾಣ ಎಂಬ ನಂಬಿಕೆ ಗ್ರೀಕರ ಕಾಲದ್ದು. ಪ್ಲೇಗಿನ ಇನ್ನೊಬ್ಬ ಕಾವಲು ಸಂತ ಸೇಂಟ್ ರಾಕ್ ನಿಲುವಂಗಿ ಎತ್ತಿ ತೊಡೆಯ ಗಡ್ಡೆ ತೋರಿಸುತ್ತಾನೆ, ರೊಟ್ಟಿ ಕಚ್ಚಿದ ನಾಯಿ ಪಕ್ಕದಲ್ಲಿ. ಗಡ್ಡೆ ಏಳುವುದು ಹೆಚ್ಚಾಗಿ ತೊಡೆಸಂದಿಯಲ್ಲಿ. ಚಿತ್ರಕಾರರು ಮರ್ಯಾದೆಗೆ ಅಂಜಿ ನಾಲ್ಕು ಬೆರಳು ಕೆಳಗಿಳಿಸಿದರು.

ಈ ಸಾಲಿನಲ್ಲಿ ಎದೆಗೆ ತಟ್ಟುವ ಚಿತ್ರ ಟಿಷಿಯನ್‌ನ 'ಪಿಯೆತಾ', ಈಗ ವೆನಿಸ್‌ನ ಅಕಾಡೆಮಿಯಾ ಸಂಗ್ರಹಾಲಯದಲ್ಲಿದೆ. ತನ್ನ ಗೋರಿಯ ಮೇಲಿರಲೆಂದು ಮುದುಕ ಟಿಷಿಯನ್ ಬರೆಯುತ್ತಿದ್ದ ಚಿತ್ರ. ಸತ್ತ ಏಸುವನ್ನು ತಾಯಿ ತೊಡೆಯ ಮೇಲೆ ಹೊತ್ತಿದ್ದಾಳೆ. ಹಿಂದೆ ಕಲ್ಲಿನ ಗೂಡು, ಗೂಡಿನ ಕಮಾನಿನಲ್ಲಿ ಎದೆ ಸೀಳಿ ಮರಿಗಳಿಗೆ ನೆತ್ತರು ಕುಡಿಸುವ ಪೆಲಿಕನ್ ಹಕ್ಕಿ, ಏಸುವಿನ ಬಲಿದಾನದ ಹಳೆಯ ಸಂಕೇತ. ಬಲಗಡೆ ಕೆಳಮೂಲೆಯಲ್ಲಿ ಕಲ್ಲಿನ ಸಿಂಹದ ಬುಡಕ್ಕೆ ಒಂದು ಪುಟ್ಟ ಹಲಗೆ ಒರಗಿಸಿದೆ, ದೊಡ್ಡ ಚಿತ್ರದೊಳಗೆ ಇನ್ನೊಂದು ಚಿತ್ರ. ಅದರಲ್ಲಿ ಇಬ್ಬರು ಮಂಡಿಯೂರಿ ಬೇಡುತ್ತಿದ್ದಾರೆ: ಟಿಷಿಯನ್ ಮತ್ತು ಮಗ ಒರಾಜಿಯೊ. ನಮ್ಮ ಗುಡಿಗಳಲ್ಲಿ ಹರಕೆಗೆ ಬೆಳ್ಳಿಯ ಕಣ್ಣು, ಕಾಲು ಒಪ್ಪಿಸಿದಂತೆ ಇಟಲಿಯವರು ಇಂಥ ಹಲಗೆ ಒಪ್ಪಿಸುತ್ತಿದ್ದರು. ಈ ಹರಕೆ ಫಲಿಸಲಿಲ್ಲ. 1576ರ ಆಗಸ್ಟ್ 27ರಂದು ಟಿಷಿಯನ್ ಸತ್ತ, ಸ್ವಲ್ಪ ದಿನಕ್ಕೆ ಪ್ಲೇಗು ಮಗನನ್ನೂ ಒಯ್ದಿತು. ಆ ಸುತ್ತಿನಲ್ಲಿ ವೆನಿಸ್ ಕಳೆದುಕೊಂಡದ್ದು ಸುಮಾರು 50 ಸಾವಿರ ಜನರನ್ನು. ಚಿತ್ರವನ್ನು ಇನ್ನೊಬ್ಬ ಮುಗಿಸಬೇಕಾಯಿತು.

ಅದೇ ಪ್ಲೇಗು ಮಿಲಾನಿಗೂ ಹೋಗಿತ್ತು. ಅಲ್ಲಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ಊರು ಬಿಟ್ಟು ಓಡಲಿಲ್ಲ. ಕೊರಳಿಗೆ ಹಗ್ಗ ಹಾಕಿಕೊಂಡು ಬರಿಗಾಲಲ್ಲಿ ಬೀದಿಯಲ್ಲಿ ಮೆರವಣಿಗೆ ನಡೆದ. ನಾಲ್ಕು ವರ್ಷ ಬಿಟ್ಟು, 1580ರಲ್ಲಿ, ಹನ್ನೆರಡರ ಅಲೋಶಿಯಸ್‌ಗೆ ಮೊದಲ ಪರಮಪ್ರಸಾದ ಕೊಟ್ಟವನು ಇದೇ ಬೊರೊಮಿಯೊ. ಆ ಪ್ರಸಂಗ ಅಲೋಶಿಯಸ್ ಚಿತ್ರಮಾಲೆಗಳಲ್ಲಿ ಬರುವುದಕ್ಕೆ ಭಕ್ತಿಯಷ್ಟೇ ಕಾರಣವೆಂದು ನನಗನಿಸುವುದಿಲ್ಲ. ಪ್ಲೇಗಿಗೆ ಹೆದರದವನ ಕೈಯಿಂದ ಪ್ಲೇಗಿಗೆ ಹೆದರದಿರಲಿದ್ದ ಹುಡುಗನ ನಾಲಗೆಗೆ ರೊಟ್ಟಿ. ಮುಂದಿನ ಚೌಕಟ್ಟಿನ ಬೀಜ ಹಿಂದಿನದರಲ್ಲೇ ಬಿದ್ದಿದೆ.

1590-91ರಲ್ಲಿ ರೋಮಿಗೆ ಬರ ಬಂತು, ಬರದ ಬೆನ್ನಿಗೆ ಸಾಂಕ್ರಾಮಿಕ. ಜೆಸ್ವಿಟರು ಆಸ್ಪತ್ರೆ ತೆರೆದರು. ಅಲೋಶಿಯಸ್ ಭಿಕ್ಷೆ ಎತ್ತಿದ, ಬೀದಿಯಲ್ಲಿ ಬಿದ್ದವರನ್ನು ಹೊತ್ತು ತಂದ, ತೊಳೆದ. ಜೊತೆಯವರು ಸಾಯತೊಡಗಿದಾಗ ಹಿರಿಯರು ಅವನನ್ನು ಅಂಟುರೋಗಿಗಳಿಲ್ಲದ ಇನ್ನೊಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಅವನು ಎತ್ತಿ ಮಲಗಿಸಿದ ಒಬ್ಬನಿಗೆ ರೋಗ ಮೊದಲೇ ತಗುಲಿತ್ತು. ಜೂನ್ 21ರಂದು ಅಲೋಶಿಯಸ್ ತೀರಿಕೊಂಡ, ಇಪ್ಪತ್ಮೂರರ ಪ್ರಾಯ. 1726ರಲ್ಲಿ ಸಂತನೆಂದು ಘೋಷಿಸಿದರು.

ಅವನ ಸಮಾಧಿ ಇರುವುದು ರೋಮಿನ ಸಂತ ಇಗ್ನೇಷಿಯಸ್ ಚರ್ಚಿನಲ್ಲಿ. ಮಂಗಳೂರಿನ ಚಾವಣಿಯ ಇನ್ನೊಂದು ಬೇರು ಅಲ್ಲಿದೆ. ಆ ಚರ್ಚಿಗೆ ಗುಮ್ಮಟ ಕಟ್ಟಲಾಗಲಿಲ್ಲ; 1685ರಲ್ಲಿ ಆಂಡ್ರಿಯಾ ಪೊಟ್ಸೊ ಚಪ್ಪಟೆ ಬಟ್ಟೆಯ ಮೇಲೆ ಗುಮ್ಮಟ ಬರೆದು ಮೇಲೆ ಕೂರಿಸಿದ. ಕೆಳಗಿನ ಒಂದು ನಿರ್ದಿಷ್ಟ ಜಾಗದಲ್ಲಿ ನಿಂತರೆ ಗುಮ್ಮಟ ನಿಜ, ಹತ್ತು ಹೆಜ್ಜೆ ಸರಿದರೆ ಸೊಟ್ಟ. ಪೊಟ್ಸೊ ಪಾದ್ರಿಯಲ್ಲ, ಮೊಸ್ಕೇನಿಯಂತೆ ಜೆಸ್ವಿಟ್ ಸಂಘದ ಸಹೋದರ. ಮಂಗಳೂರಿನಲ್ಲಿ ಉಬ್ಬುಕೆತ್ತನೆ, ಕಂಬದ ಅಂಚು, ಕಲ್ಲಿನ ಪಟ್ಟಿ ಎಂದು ಕಾಣುವ ಎಷ್ಟೋ ಭಾಗಗಳು ಸಪಾಟು ಗಾರೆ. ಬೆಳಕು ಯಾವ ಕಡೆಯಿಂದ ಬೀಳಬೇಕೆಂದು ಮೊದಲೇ ಗೊತ್ತುಮಾಡಿ ಎದುರು ಬದಿಗೆ ನೆರಳು ಬರೆದರೆ ಸಪಾಟು ಗೋಡೆ ಉಬ್ಬುತ್ತದೆ. ಕೇಳಲು ಸುಲಭ, ಗೋಡೆಯಿಡೀ ಒಂದೇ ಬೆಳಕನ್ನು ಎಲ್ಲೂ ತಪ್ಪದೆ ಹಿಡಿಯುವುದು ಸುಲಭವಲ್ಲ. ಸಂತರ ಮುಖಗಳಿಗಿಂತ ಈ ಸುಳ್ಳು ಕಲ್ಲಿನಲ್ಲಿ ಮೊಸ್ಕೇನಿಯ ಕೈ ಹೆಚ್ಚು ಧೈರ್ಯವಾಗಿದೆ.

ಕೆಲಸದ ವಿಧಾನವೂ ನವೋದಯದ್ದೇ. ಚಾಪೆಲ್‌ನಲ್ಲಿ ಬಟ್ಟೆಯ ಮೇಲಿನ ಎಣ್ಣೆಬಣ್ಣದ ಚಿತ್ರಗಳೂ ಇವೆ, ಗೋಡೆಗೇ ಬರೆದ ಫ್ರೆಸ್ಕೊಗಳೂ ಇವೆ. ಫ್ರೆಸ್ಕೊ ಎಂದರೆ ಹಸಿ ಗಾರೆಯ ಕೆಲಸ. ಸುಣ್ಣ-ಮರಳಿನ ಗಾರೆ ಒಣಗುವ ಮೊದಲು ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತ ಬಣ್ಣವನ್ನು ಒಳಗೆ ಕಟ್ಟಿಹಾಕುತ್ತದೆ. ಹಾಗಾಗಿ ಒಂದು ದಿನದಲ್ಲಿ ಮುಗಿಸಬಲ್ಲಷ್ಟೇ ಗಾರೆ ಮೆತ್ತಬೇಕು. ತಪ್ಪಿದರೆ ಕೆರೆದು ಮತ್ತೆ ಮೆತ್ತಬೇಕು. ಲಿಯೊನಾರ್ಡೊಗೆ ಈ ಅವಸರ ಒಗ್ಗಲಿಲ್ಲ. ಮಿಲಾನಿನ 'ಕೊನೆಯ ಭೋಜನ'ವನ್ನು ಒಣಗೋಡೆಯ ಮೇಲೆ ನಿಧಾನವಾಗಿ ಬರೆದ, ಕೆಲವೇ ದಶಕಗಳಲ್ಲಿ ಅದು ಹಕ್ಕಳೆ ಏಳತೊಡಗಿತು. ಕಡಲ ಮಗ್ಗುಲಿನ ಮಂಗಳೂರಿನ ಮಳೆಗೂ ಉಪ್ಪುಗಾಳಿಗೂ ಒಡ್ಡಿಕೊಂಡ ಮೊಸ್ಕೇನಿಯ ಗೋಡೆಗಳೂ ಜೋಪಾನವಿಲ್ಲದೆ ಉಳಿದಿಲ್ಲ. 1990ರ ದಶಕದಲ್ಲಿ ತಜ್ಞರು ಅವಕ್ಕೆ ಚಿಕಿತ್ಸೆ ಮಾಡಿದರು. ಇಷ್ಟು ದೊಡ್ಡ ಕೆಲಸವನ್ನು ಮೊಸ್ಕೇನಿ ಮುಗಿಸಿದ್ದು ಸುಮಾರು ಎರಡೂವರೆ ವರ್ಷದಲ್ಲಿ. ಆಮೇಲೆ ಕೊಚ್ಚಿಗೆ ಹೋಗಿ ಸಾಂತಾ ಕ್ರೂಜ್ ಚರ್ಚಿನಲ್ಲಿ ಲಿಯೊನಾರ್ಡೊನ ಅದೇ ಭೋಜನವನ್ನು ತನ್ನ ಕೈಯಾರೆ ಬರೆದ.

ಅವನು ಚಾಪೆಲ್ ಮುಗಿಸಿದ ಹೊತ್ತಿಗೆ ಪ್ಲೇಗು ಮಂಗಳೂರಿನ ಬಾಗಿಲಿಗೂ ಬಂದಿತ್ತು. ಕಂಕನಾಡಿಯಲ್ಲಿ 1880ರಿಂದ ಬಡವರಿಗೆ ಹೋಮಿಯೋಪಥಿ ಔಷಧ ಕೊಡುತ್ತ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದಿದ್ದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಪ್ಲೇಗಿನವರಿಗೂ ಜಾಗ ಮಾಡಿದರು. ಗೋಡೆಯ ಮೇಲಿನ ಕಥೆ ಗೋಡೆಯಾಚೆ ಹತ್ತಿರದಲ್ಲೇ ನಡೆಯುತ್ತಿತ್ತು. ಚಾಪೆಲ್‌ನಲ್ಲಿ ಕೂತ ಹುಡುಗರಿಗೆ ಪ್ಲೇಗಿನ ಚಿತ್ರದ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಒಂದು ಮಾತು ಉಳಿದಿದೆ. ಬಾಣ, ಗಡ್ಡೆ, ನಾಯಿ, ಲಿಲಿ, ಕಿರೀಟ ಎಲ್ಲವೂ ಇರುವ ಈ ಪ್ಲೇಗು ಚಿತ್ರಗಳ ಲೋಕದಲ್ಲಿ ಇಲಿ ಅಪರೂಪ. ಪೂಸಾನ್ ಎಂಬ ಚಿತ್ರಕಾರ 1630-31ರಲ್ಲಿ ಬರೆದ ಅಶ್ದೋದ್‌ನ ಪಿಡುಗಿನ ಚಿತ್ರದಲ್ಲಿ ಇಲಿಗಳಿವೆ, ಆದರೆ ಅವು ಬಂದದ್ದು ಬೈಬಲಿನ ಕಥೆಯಲ್ಲಿ ಇಲಿಯ ಮಾತಿದೆ ಎಂಬ ಕಾರಣಕ್ಕೆ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ ಗುರುತಿಸಿದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟ ರೋಗ ದಾಟಿಸುತ್ತದೆಂದು ಸೈಮಂಡ್ ಎಂಬ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ಹೇಳಿದ್ದು 1898ರಲ್ಲಿ, ಹುಬ್ಬಳ್ಳಿ ನರಳುತ್ತಿದ್ದ ಅದೇ ವರ್ಷ. ಹೆಚ್ಚಿನ ವೈದ್ಯರು ಅದನ್ನು ಒಪ್ಪಲು ಇನ್ನೂ ಹತ್ತು ವರ್ಷ ತೆಗೆದುಕೊಂಡರು. ನಮ್ಮ ಹಳ್ಳಿಗಳಲ್ಲಿ ಅಷ್ಟು ಹೊತ್ತಿಗಾಗಲೇ ಜಂತಿಯಿಂದ ಇಲಿ ಸತ್ತು ಬಿದ್ದರೆ ಗಂಟುಮೂಟೆ ಕಟ್ಟಿ ಹೊಲಕ್ಕೆ ನಡೆಯುತ್ತಿದ್ದರು, ಯಾರ ಅಪ್ಪಣೆಗೂ ಕಾಯದೆ.